ಡ್ರಮ್ ತಂಡಕ್ಕೆ ಅಮ್ಮನ ಸಹಿ

ಗೆಳೆಯರೇ, ಇವತ್ತು ನಾವಿರುವ ಹ್ಯಾಮಿಲ್ಟನ್ ಊರಿನ ಶಾಲಾ ಬ್ಯಾಂಡ್ ಸ್ಪರ್ಧೆಯಲ್ಲಿ ಮಗಳ ಡ್ರಮ್ ಕೇಳಿದ ಕೋಚ್ ಒಬ್ಬರು, ತಮ್ಮ ತಂಡದ ಅರ್ಜಿ ಹಿಡಿದು ನೇರ ನಮ್ಮ ಬಳಿ ಬಂದರು. ಅಭ್ಯಾಸ ಪ್ರತಿ ಶನಿವಾರವಂತೆ; ಅಪ್ಪ, ಅಮ್ಮ ಇಬ್ಬರ ಸಹಿಯೂ ಬೇಕಂತೆ. ನಾನು ಹಾಕಿದೆ. ಹೆಂಡತಿ ಪೆನ್ನನ್ನೇ ಮುಟ್ಟಲಿಲ್ಲ.

"ಶನಿವಾರ ಮ್ಯಾಥ್ಸ್ ಟ್ಯೂಷನ್. ಆಗಲ್ಲ ಅಂದ್ರೆ ಆಗಲ್ಲ."

"ಅಮ್ಮಾ, ಪ್ಲೀಸ್!" ಮಗಳ ಕಣ್ಣು ತುಂಬಿತು.

ಅಷ್ಟರಲ್ಲಿ ಮೈದಾನದಲ್ಲಿ ಇನ್ನೊಂದು ತಂಡ ಬಾರಿಸತೊಡಗಿತು. ಮೈಸೂರಿನಲ್ಲಿ ಸಂಗೀತ ಕಲಿತ ಹೆಂಡತಿ, ಅಷ್ಟು ಸಿಟ್ಟಿನಲ್ಲೂ ಅಭ್ಯಾಸಬಲದಿಂದ ತೊಡೆಯ ಮೇಲೆ ತಾಳ ಹಾಕತೊಡಗಿದಳು. ಒಂದು ಪೆಟ್ಟೂ ತಪ್ಪಲಿಲ್ಲ. ಅದನ್ನೇ ನೋಡುತ್ತಿದ್ದ ಕೋಚ್ ಇನ್ನೊಂದು ಅರ್ಜಿ ತೆಗೆದರು. "ದೊಡ್ಡವರ ವಿಭಾಗವೂ ಇದೆ. ನೀವೂ ಬನ್ನಿ."

ಹೆಂಡತಿ ಎರಡಕ್ಕೂ ಸಹಿ ಹಾಕಿದಳು. "ಟ್ಯೂಷನ್ ಭಾನುವಾರ ಇಟ್ಕೊಳ್ಳೋಣ ಬಿಡಿ."

ಮನೆ ಮುಟ್ಟುವವರೆಗೂ ಮಗಳದು ಒಂದೇ ಮಾತು: "ಅಮ್ಮ ಬಂದ್ರೆ ಐ ಆ್ಯಮ್ ಔಟ್."

ಗೋಗರೆಯುವ ಸರದಿ ಈಗ ಅಮ್ಮನದು.