ಐದನೇ ಟೇಕಿನ ಕೈನಡುಕ

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನಾನೊಂದು ಸಿನಿಮಾಕ್ಕೆ ಕಂಟಿನ್ಯುಟಿ ಸೂಪರ್‌ವೈಸರ್ ಆಗಿದ್ದೆ. ಒಂದೇ ದೃಶ್ಯವನ್ನು ಹಲವು ಸಲ ತೆಗೆಯುತ್ತಾರೆ. ಪ್ರತಿ ಸಲಕ್ಕೂ ಟೇಕ್ ಎಂದು ಹೆಸರು. ಗ್ಲಾಸು ಯಾವ ಕೈಯಲ್ಲಿತ್ತು, ಎಷ್ಟು ತುಂಬಿತ್ತು ಎಂದು ಟೇಕಿನಿಂದ ಟೇಕಿಗೆ ಹಾಳೆಯಲ್ಲಿ ಬರೆದಿಡುವವಳು ನಾನು. ನೆನಪನ್ನು ನಂಬಬಾರದೆಂಬುದೇ ಈ ಕೆಲಸದ ಬುನಾದಿ. ಇದನ್ನೂ ಹಾಳೆ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗುಟ್ಟಾಗಿ ಬದುಕುವ ರಕ್ತಪಿಶಾಚಿಗಳ ಪ್ರೇಮಹಾಸ್ಯ ಅದು. ಮುನ್ನೂರು ವರ್ಷದ ಪಿಶಾಚಿಯೊಬ್ಬ ಬ್ಲಡ್ ಬ್ಯಾಂಕಿನ ನರ್ಸನ್ನು ಪ್ರೀತಿಸುತ್ತಾನೆ. ಅವನ ಹನ್ನೆರಡನೇ ಮಹಡಿಯ ಫ್ಲ್ಯಾಟನ್ನು ಪಾಂಡವಪುರದ ಬಳಿಯ ಮುಚ್ಚಿದ ಅಕ್ಕಿ ಗಿರಣಿಯೊಂದರೊಳಗೆ ಕಟ್ಟಿದ್ದೆವು. ಕಿಟಕಿಗೆ ರಾತ್ರಿಯ ಬೆಂಗಳೂರಿನ ಫ್ಲೆಕ್ಸು. ಹೊರಗೆ ಸುಡುಬಿಸಿಲು, ಕಬ್ಬಿನ ಟ್ರಾಕ್ಟರು.

ಪಿಶಾಚಿಯ ಪಾತ್ರ ನಾಗಮಂಗಲದ ಶಿವಲಿಂಗಾಚಾರ್ ಅವರದು. ಐವತ್ನಾಲ್ಕು ವರ್ಷ, ಮರಗೆಲಸ, ಪೌರಾಣಿಕ ನಾಟಕಗಳ ಗೀಳು. ಇದು ಮೊದಲ ಸಿನಿಮಾ. ಪಿಶಾಚಿ ನರ್ಸಿನೆದುರು ಕೂತು, ಟೊಮೆಟೊ ಜ್ಯೂಸೆಂದು ಸುಳ್ಳು ಹೇಳಿ ರಕ್ತ ಕುಡಿಯುವುದು ಅಂದಿನ ದೃಶ್ಯ.

ಮೊದಲ ದಿನ ರಕ್ತ ಮಾಡಿದ್ದು ಪಾಕದಂತೆ ಹರಿಯುವ ಜೋನಿ ಬೆಲ್ಲದಿಂದ. ಪಕ್ಕದ ಆಲೆಮನೆಯ ಬೋರೇಗೌಡರು ಕ್ಯಾನಿನಲ್ಲಿ ತಂದುಕೊಟ್ಟರು. ತೆಗೆದದ್ದನ್ನು ಆ ಸಂಜೆ ನೋಡಿದ ನಿರ್ದೇಶಕರು, "ಇದು ರಕ್ತಾನಾ, ಕಷಾಯಾನಾ?" ಎಂದರು. ಬಣ್ಣ ಕಂದು ಆಗಿತ್ತು. ಇಡೀ ದೃಶ್ಯ ಮರುದಿನ ಮತ್ತೆ ತೆಗೆಯುವುದೆಂದಾಯಿತು. ನೀರಿಗೆ ಚೂರು ಬೀಟ್‌ರೂಟ್ ರಸ ಬೆರೆಸಿದರೆ ಸಾಕು ಎಂದು ಹೇಳಿದವಳು ನಾನೇ. ಆಚಾರ್ ಅವರಿಗೆ ಯಾರೂ ತಿಳಿಸಲಿಲ್ಲ. ನಟನಿಗೇಕೆ ಅದು?

ಮರುದಿನ ಬೆಳಿಗ್ಗೆ ಗೌಡರು ಇನ್ನೊಂದು ಕ್ಯಾನು ತಂದರು. ಬೇಡವೆಂದೆವು.

"ರಕ್ತನ ಬೀಟ್‌ರೂಟಲ್ಲಿ ಮಾಡ್ತೀರಾ? ಪಲ್ಯ ಮಾಡ್ಕಂಡು ಉಣ್ಣಿ, ಓಗಿ" ಎಂದವರು ಹೋಗದೆ, ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಶೂಟಿಂಗ್ ನೋಡುತ್ತ ಕೂತರು.

ಮೊದಲ ಟೇಕ್ ಮುಗಿದಾಗ ಆಚಾರ್ ನನ್ನತ್ತ ತಿರುಗಿದರು. "ಇವತ್ತು ರಕ್ತ ಚಪ್ಪೆ ಐತಲ್ಲವ್ವ. ಒಂಚೂರು ಬೆಲ್ಲ ಆಕ್ಸು."

"ಬಣ್ಣ ಕೆಡುತ್ತೆ ಆಚಾರ್ರೇ" ಎಂದೆ. ಎಲ್ಲರೂ ನಕ್ಕರು. ಅವರೂ ನಗುತ್ತಲೇ ಕೇಳಿದ್ದರು ಎಂದು ನನ್ನ ನೆನಪು.

ಹಾಳೆಯಲ್ಲಿ ಹೀಗಿದೆ. ಟೇಕ್ 3: ಗ್ಲಾಸು ಬಲಗೈ, ಮುಕ್ಕಾಲು. ಟೇಕ್ 4: ಹಣೆಯಲ್ಲಿ ಬೆವರು, ಮೇಕಪ್ ಸರಿಪಡಿಸಿದೆ. ಟೇಕ್ 5: ಬಲಗೈ ನಡುಕ, ಹಿಂದಿನದಕ್ಕೆ ಹೊಂದುವುದಿಲ್ಲ.

ಆರನೇ ಟೇಕಿನಲ್ಲಿ ಅವರ ಮಾತು ತೊದಲಿತು. ನರ್ಸಿನ ಪಾತ್ರದ ಹುಡುಗಿಯ ಮೇಲೆ ಕಾರಣವಿಲ್ಲದೆ ರೇಗಿದರು, ಆಮೇಲೆ ಮೇಜಿಗೆ ಒರಗಿಬಿಟ್ಟರು. ಮ್ಯಾನೇಜರ್ ಮಂಜು ಹತ್ತಿರ ಹೋಗಿ ಬಾಯಿ ಮೂಸಿದ. "ಕುಡ್ದವ್ರೆ ಅನ್ಕಂಡೆ. ವಾಸ್ನೆ ಇಲ್ಲ."

ಆ ಹುಡುಗಿ ಆಚಾರ್ ಅವರ ಚೀಲ ತಡಕಿದಳು. ಒಳಗೆ ಇನ್ಸುಲಿನ್ ಪೆನ್ನು ಸಿಕ್ಕಿತು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆ ಗೊತ್ತಾದದ್ದೇ ಆಗ.

ಮಂಜು ಚೀರಿದ. "ಶುಗರ್ ಪೇಷಂಟು! ಯಾರೂ ಸಿಹಿ ಮುಟ್ಟಿಸ್ಬ್ಯಾಡಿ! ನಿನ್ನೆ ಕುಡ್ದಿದ್ ಬೆಲ್ಲನೇ ಏರೈತೆ!"

ಬೋರೇಗೌಡರು ಎದ್ದು ಬಂದರು. ಆಚಾರ್ ಅವರ ಕುತ್ತಿಗೆ ಮುಟ್ಟಿ ನೋಡಿದರು. "ಲೇ, ಮೈ ತಣ್ಣಗೈತೆ ಕಣ್ಲಾ. ನಮ್ಮವ್ವಂಗೂ ಇಂಗೇ ಬೆವರು ಕಿತ್ಕಂಡು ಬರ್ತಿತ್ತು. ಸೂಜಿ ಚುಚ್ಕಂಡು ಉಣ್ದೇ ಇದ್ರೆ ಇಂಗೇ ಆಗದು. ಬೆಲ್ಲ ಕುಡ್ಸು."

"ಎಚ್ಚುಕಮ್ಮಿ ಆದ್ರೆ ನೀವು ಬತ್ತೀರಾ ಪೊಲೀಸ್ ಸ್ಟೇಷನ್ನಿಗೆ?" ಎಂದ ಮಂಜು.

ನಿರ್ದೇಶಕರು ನನ್ನತ್ತ ತಿರುಗಿದರು. "ಇವತ್ತು ಇವರ ಹೊಟ್ಟೆಗೆ ಏನು ಹೋಗಿದೆ?"

ಅದನ್ನು ಬಲ್ಲವಳು ಆ ಗಿರಣಿಯಲ್ಲಿ ನಾನೊಬ್ಬಳೇ. ಆರು ಗ್ಲಾಸು ಬೀಟ್‌ರೂಟ್ ನೀರು. ಬೆಲ್ಲವಿಲ್ಲ. ತಿಂಡಿಗೆ ಮುಂಚೆಯೇ ಕೋರೆಹಲ್ಲು ಅಂಟಿಸಿದ್ದರಿಂದ ಇಡ್ಲಿಯ ತಟ್ಟೆ ಮುಟ್ಟದೆ ವಾಪಸು ಹೋಗಿತ್ತು, ಅದನ್ನೂ ಕಂಡಿದ್ದೆ. ಆದರೂ ತಪ್ಪಾದರೆ? ಹಾಳೆಯ ಆರೂ ಟೇಕುಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದೆ.

"ಕೊಡಿ" ಎಂದೆ.

ಮೇಕಪ್‌ನವರು ಕೋರೆಹಲ್ಲು ಕಿತ್ತರು. ಗೌಡರು ಆಚಾರ್ ಅವರನ್ನು ಎದೆಗೊರಗಿಸಿಕೊಂಡು ಬೆಲ್ಲದ ನೀರನ್ನು ಚಮಚದಲ್ಲಿ ಕುಡಿಸತೊಡಗಿದರು. "ನುಂಗು ಕಣಣ್ಣ, ನುಂಗು. ರಕ್ತ ಅನ್ಕಂಡೇ ನುಂಗು." ಮೊದಲ ಚಮಚ ತುಟಿಯಂಚಿನಲ್ಲೇ ಇಳಿದುಹೋಯಿತು. ಎರಡನೆಯದಕ್ಕೆ ಗಂಟಲು ಅಲುಗಿತು.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ತಮ್ಮ ಹೆಸರು ಹೇಳುತ್ತಿದ್ದರು. ಡಾಕ್ಟರು ಬೆರಳಿನ ರಕ್ತ ಪರೀಕ್ಷಿಸಿ, ಸಕ್ಕರೆ ಇನ್ನೂ ಕಡಿಮೆಯೇ ಇದೆಯೆಂದು ಗ್ಲೂಕೋಸ್ ಹಾಕಿದರು. ತಡಮಾಡಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು.

ಸಂಜೆ ಮಂಚದ ಮೇಲೆ ಕೂತು ಆಚಾರ್ ನಡೆದದ್ದು ಹೇಳಿದರು. ಹಿಂದಿನ ದಿನ ಬೆಲ್ಲ ಕುಡಿದು ಸಕ್ಕರೆ ಏರಿತ್ತು. ಇವತ್ತೂ ಅಷ್ಟೇ ಕುಡಿಯಬೇಕಲ್ಲ ಎಂದು ಯಾರನ್ನೂ ಕೇಳದೆ ಔಷಧಿ ಹೆಚ್ಚು ಚುಚ್ಚಿಕೊಂಡಿದ್ದರು. "ಯೋಳಿದ್ರೆ ಪಾಲ್ಟು ಕಿತ್ಕತಿದ್ರಿ ಕಣವ್ವ. ಮೂವತ್ತು ವರ್ಸ ಕಾದಿದ್ದೆ."

ಮೂರು ತಿಂಗಳ ನಂತರ, ಎಡಿಟಿಂಗ್ ಕೋಣೆಯಲ್ಲಿ ಆ ದಿನದ ಧ್ವನಿ ಮತ್ತೆ ಕೇಳಿದೆ. ಪ್ರತಿ ಟೇಕಿನ ಕೊನೆಯಲ್ಲೂ ಮೈಕ್ ಇನ್ನೂ ಚಾಲೂ ಇತ್ತು. ನಗು ಇತ್ತು, ನಮ್ಮದು. ಆಚಾರ್ ಅವರ ದನಿಯಲ್ಲಿ ನಗುವಿರಲಿಲ್ಲ. ಬೆಲ್ಲ ಕೇಳಿದ್ದು ಎರಡು ಸಲ. ಐದನೇ ಟೇಕಿನ ನಂತರ ತೀರ ಮೆಲ್ಲಗೆ, "ಕೈ ನಡುಗ್ತಾ ಐತೆ ಕಣವ್ವ." ಅದಕ್ಕೆ ನನ್ನ ಉತ್ತರವೂ ಇದೆ. "ಗೊತ್ತು, ಬರ್ಕೊಂಡಿದೀನಿ."

ಕೊನೆಗೆ ಸಿನಿಮಾದಲ್ಲಿ ಉಳಿದದ್ದು ಆ ಐದನೇ ಟೇಕೇ. ಇಡಲು ಒಪ್ಪಿಗೆ ಕೊಟ್ಟವರು ಆಚಾರ್. ಕೆ.ಆರ್. ಪೇಟೆಯ ಥಿಯೇಟರಿನಲ್ಲಿ ಅವರ ಪಕ್ಕ ಕೂತು ನೋಡಿದೆ. ನರ್ಸಿನೆದುರು ಪಿಶಾಚಿಯ ಕೈ ನಡುಗಿತು. ಮುನ್ನೂರು ವರ್ಷದ ಮುದುಕನಿಗೆ ಪ್ರೇಮದ ಪುಕ್ಕಲೆಂದು ಜನ ಬಿದ್ದು ಬಿದ್ದು ನಕ್ಕರು. ಆಚಾರ್ ಕತ್ತಲಲ್ಲಿ ನನ್ನತ್ತ ಬಗ್ಗಿದರು.

"ಯಾಕವ್ವ, ನೀನೊಬ್ಳು ನಗ್ಲೇ ಇಲ್ಲ?"

ಈಗ ನನ್ನ ಹಾಳೆಯಲ್ಲಿ ಟೇಕ್ ನಂಬರಿಗಿಂತ ಮೊದಲು ಒಂದು ಕಾಲಂ ಇದೆ: ತಿಂಡಿ ಆಯಿತೇ? ಅದನ್ನು ನೋಡಿ ಬರೆಯುವುದಿಲ್ಲ, ಕೇಳಿ ಬರೆಯುತ್ತೇನೆ.