ಅಮ್ಮ ವಾಪಸ್ ಕೊಟ್ಟ ಮಾತ್ರೆ

ಸ್ನೇಹಿತರೇ, ಇವತ್ತು ಕುಂದಾಪುರದ ಮೆಡಿಕಲ್ ಶಾಪಿನಲ್ಲಿ ಅಮ್ಮ ಜಗಳ ಮಾಡಿದರು. ಆಪರೇಷನ್ ಆದಾಗಿನಿಂದ ಅವರ ಮಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬರುತ್ತದೆ. ಅದು ಪಕ್ಕದ ಮನೆಗೂ ಗೊತ್ತಾಗದಂತೆ ಸೆರಗು ಹೊದ್ದು ಓಡಾಡುವವರು.

ಅಂಗಡಿಯವರು ಹೊಸ ಮಾತ್ರೆ ಕೊಟ್ಟರು.

"ಇದ್ ನಿಧಾನ ಕರ್ಗುದಾ?" ಅಮ್ಮ ಕೇಳಿದರು.

"ಹೌದ್, ಡಾಕ್ಟ್ರೇ ಬರ್ದದ್."

"ಹಂಗಾರೆ ಬ್ಯಾಡ. ನನ್ನ ದೊಡ್ಡ ಕರುಳ್ ತೆಗ್ದಿರ್. ಹೋದ್ ಸಲ ಇಂಥದ್ದೇ ಮಾತ್ರೆ ಕರ್ಗದೆ ಹಂಗೇ ಚೀಲಕ್ಕೆ ಬಂದಿತ್ ಮಾರಾಯ್ರೆ. ಡಾಕ್ಟ್ರಿಗೆ ಫೋನ್ ಮಾಡಿ!"

ಅಷ್ಟೂ ಜನರ ಎದುರು, ಗಟ್ಟಿಯಾಗಿ! ಡಾಕ್ಟರು ಫೋನಿನಲ್ಲೇ ಒಪ್ಪಿ, ಬೇಗ ಕರಗುವ ಮಾತ್ರೆ ಹೇಳಿದರು. ನನ್ನ ಎದೆ ಉಬ್ಬಿತು.

ಹಿಂದೆ ನಿಂತಿದ್ದ ಹೆಂಗಸೊಬ್ಬರು ತಮ್ಮ ಔಷಧಿ ಚೀಟಿಯನ್ನು ಅಮ್ಮನತ್ತ ಚಾಚಿದರು. "ಅಕ್ಕ, ನಂದೂ ಒಂಚೂರ್ ಕಾಣಿ."

ನಾನು ಕೈಹಿಡಿದು ಕರೆತರದಿದ್ದರೆ ಅಮ್ಮ ಅಲ್ಲೇ ಕ್ಲಿನಿಕ್ ತೆರೆಯುತ್ತಿದ್ದರು.