ಎಪ್ಪತ್ತು ಕಿಲೋ ಮನುಷ್ಯನಿಗೊಂದು ವಿಮಾನ

ಒವಿದಿಯೊ ಪಸ್ಕುತ್ತಿ ನಮ್ಮೂರಿನಲ್ಲಿ ಗೋಧಿ ಕೊಯ್ಯುವ ಯಂತ್ರಗಳ ಮೆಕ್ಯಾನಿಕ್. ಐದು ವರ್ಷದ ಹಿಂದೆ, ಪಾಂಪಾ ಬಯಲಿನ ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಶೆಡ್ಡಿನಲ್ಲಿ, ತಾನೊಬ್ಬನೇ ಕೂತು ಹಾರುವಂಥ ಪುಟ್ಟ ವಿಮಾನ ಕಟ್ಟತೊಡಗಿದ. ನಕ್ಷೆಯೂ ಅವನದೇ. ಶಾಲೆಯಲ್ಲಿ ಅವನಿಗೆ ಭೌತಶಾಸ್ತ್ರ ಕಲಿಸಿದವಳು ನಾನು. ಲೆಕ್ಕಗಳನ್ನು ನನ್ನಿಂದ ನೋಡಿಸಿಕೊಂಡ. ಎಲ್ಲವೂ ಸರಿಯಿದ್ದವು. ಶಾಲೆಯಲ್ಲಿ ಹಾಗಿರಲಿಲ್ಲ.

ಅವನಿಗೆ ಹಗುರದ ಹುಚ್ಚು. ಅಲ್ಯೂಮಿನಿಯಂ ಕೊಳವೆಗಳ ಮೈ, ಬಟ್ಟೆ ಬಿಗಿದ ರೆಕ್ಕೆ. ರೆಕ್ಕೆಯ ಮೇಲೊಂದು ಕೆಂಪು ಪಟ್ಟಿ ಬರೆಸೋಣವೆಂದವರಿಗೆ ಬಣ್ಣಕ್ಕೂ ತೂಕವಿದೆ ಎಂದು ಗದರಿದ. ನೆರವಿಗೆ ಬಂದವರಿಗೆ ಭಾನುವಾರ ಕೆಂಡದ ಮೇಲೆ ದನದ ಪಕ್ಕೆಲುಬು ಸುಟ್ಟು ಬಡಿಸುವುದು ಇಲ್ಲಿನ ರೂಢಿ. ಕೂಲಿ ಕೊಟ್ಟರೆ ಅವಮಾನ, ಊಟ ಹಾಕದಿದ್ದರೆ ಇನ್ನೂ ದೊಡ್ಡ ಅವಮಾನ. ಕರೆದವನು ಉಳಿದವರಿಗಿಂತ ಮೊದಲು ತಟ್ಟೆ ಕೆಳಗಿಡುವಂತಿಲ್ಲ. ಒವಿದಿಯೊ ಐದು ವರ್ಷವೂ ಇಡಲಿಲ್ಲ.

ಮಾರ್ಚಿನ ಒಂದು ಬೆಳಗ್ಗೆ ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿ ಇಟ್ಟೆವು. ನೂರಾ ಹನ್ನೊಂದು ಕಿಲೋ. ಅಂದಾಜಿಗಿಂತ ಎರಡು ಕಡಿಮೆ. ಶೆಡ್ಡಿನಲ್ಲಿ ಶಿಳ್ಳೆಯೋ ಶಿಳ್ಳೆ. ಆಮೇಲೆ ಒವಿದಿಯೊ ಹತ್ತಿ ಕೂತ. ಬಾಲದ ಕೆಳಗಿನ ತಕ್ಕಡಿಯ ಮುಳ್ಳು ಹಾರಿತು. ನಾನು ಮೂರು ಸಲ ಕೂಡಿದೆ. ನಕ್ಷೆಯಲ್ಲಿದ್ದ ಎಪ್ಪತ್ತು ಕಿಲೋದ ಮನುಷ್ಯ ಈಗ ಎಂಬತ್ತೊಂಬತ್ತು ಕಿಲೋ ಆಗಿದ್ದ. ಬಾಲಕ್ಕೆ ಭಾರ ಹೆಚ್ಚು. ಹಾರಿದರೆ, ಮೇಲೆದ್ದ ಮೂತಿ ಮತ್ತೆ ಕೆಳಗಿಳಿಯುವುದಿಲ್ಲ ಎಂದು ಹೇಳಿದೆ. ಮೂತಿಗೆ ಸೀಸ ಕಟ್ಟಬಾರದೇ ಎಂದು ಯಾರೋ ಕೇಳಿದರು. ಒವಿದಿಯೊ ಕೆನ್ನೆಗೆ ಹೊಡೆಸಿಕೊಂಡವನಂತೆ ಅವರತ್ತ ನೋಡಿದ.

ಆ ಸೀಟಿನಲ್ಲಿ ಅವನು ಇನ್ನೊಬ್ಬರನ್ನು ಕೂರಲು ಬಿಟ್ಟಿರಲಿಲ್ಲ. ಮೊದಲ ಹಾರಾಟ ಕಟ್ಟಿದವನದೇ ಎಂಬುದು ಅವನ ಹಟ. ಅವನ ಹೆಂಡತಿ ದೆಲ್ಮಾ ಇಪ್ಪತ್ತು ವರ್ಷದಿಂದ ಕ್ಲಬ್ಬಿನಲ್ಲಿ ಗ್ಲೈಡರ್ ಹಾರಿಸುವುದನ್ನು ಕಲಿಸುವವಳು, ತೂಕ ಅರವತ್ತೊಂದು. ತೆಳ್ಳಗಾಗಿ ತಾನೇ ಹಾರಿಸುತ್ತೇನೆ, ಮೂರು ತಿಂಗಳು ಸಾಕು ಎಂದ ಅವನು.

"ಆ ಮೂರು ತಿಂಗಳಲ್ಲೂ ಭಾನುವಾರ ಬರುತ್ತಲ್ಲೋ ದಡಿಯಾ," ಎಂದಳು ದೆಲ್ಮಾ. "ನಿಂಗೆ ಹಾರ್ಬೇಕಾ, ಇಲ್ಲಾ ಇದು ಹಾರುತ್ತೋ ಇಲ್ವೋ ಗೊತ್ತಾಗ್ಬೇಕಾ?"

ಅವನು ಸೀಟಿನಿಂದ ಇಳಿದ. ಆಮೇಲೆ ಹೊರಗೆ ಹೋಗಿ, ಒಂದು ಚೀಲಕ್ಕೆ ಒಂಬತ್ತು ಕಿಲೋ ಮರಳು ತುಂಬಿ ತಂದು, ಸೀಟಿನಡಿ ತಾನೇ ಬಿಗಿದ.

ಗಾಳಿ ನಿಂತಿತ್ತು. ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು, ಬಾಲ ಎತ್ತಿತು, ಎಂಬತ್ತು ಮೀಟರ್ ತುಂಬುವಷ್ಟರಲ್ಲಿ ನೆಲ ಬಿಟ್ಟಿತ್ತು. ಊರಿಗೂರೇ ಅದರ ಹಿಂದೆ ಓಡಿತು. ದೆಲ್ಮಾ ಎರಡು ಸುತ್ತು ಹಾಕಿ, ಸಮನಾಗಿ ನಮ್ಮ ಮೇಲೆ ಹಾದುಹೋಗುವಾಗ ಎರಡೂ ಕೈ ಮೇಲೆತ್ತಿದಳು. ವಿಮಾನ ತಾನಾಗಿ, ನೇರವಾಗಿ ಹೋಗುತ್ತಿತ್ತು.

"ಕೈ ಬಿಟ್ಟಿದ್ದಾಳೆ ಟೀಚರ್," ಎಂದ ಒವಿದಿಯೊ, ನನ್ನ ತೋಳು ಹಿಡಿದು. "ನೋಡಿ, ಕೈ ಬಿಟ್ಟಿದ್ದಾಳೆ."

ನೆಲಕ್ಕಿಳಿದ ಮೇಲೂ ಅವಳು ಇಂಜಿನ್ ಆರಿಸಲೇ ಇಲ್ಲ. ಇನ್ನೊಂದು ಸುತ್ತು ಎಂದು ಬೆರಳು ತೋರಿಸಿದಳು. ಒವಿದಿಯೊ ಏದುಸಿರು ಬಿಡುತ್ತ ಓಡಿಹೋಗಿ, ರೆಕ್ಕೆಯ ತುದಿ ಹಿಡಿದು, ವಿಮಾನವನ್ನು ಬಯಲಿನ ಕಡೆಗೆ ತಿರುಗಿಸಿಕೊಟ್ಟ.